ಮೊದಲ ಬೇಟ್‌ಕಾಸ್ಟಿಂಗ್ ರೀಲ್: ಯಾವುದನ್ನು ನೋಡಿ ಆರಿಸಬೇಕು?

ಪ್ರಶ್ನೆ

ಇಲ್ಲಿಯವರೆಗೆ ಸ್ಪಿನ್ನಿಂಗ್ ರೀಲ್‌ನಲ್ಲೇ ಮೀನು ಹಿಡಿಯುತ್ತಿದ್ದೇನೆ. ಈಗ ಬೇಟ್‌ಕಾಸ್ಟಿಂಗ್ ರೀಲ್ ಒಂದನ್ನು ತಗೊಳ್ಳೋಣ ಅಂತಿದೆ. ಬಳಸುವ ಲೂರ್‌ಗಳು (ಕೃತಕ ಎರೆಗಳು) ಹೆಚ್ಚಾಗಿ 10ರಿಂದ 20 ಗ್ರಾಂನವು: ಫ್ರಾಗ್, ಸ್ಪಿನ್ನರ್‌ಬೇಟ್, ಸಾಫ್ಟ್ ಪ್ಲಾಸ್ಟಿಕ್. ಸಿಹಿನೀರೇ ಜಾಸ್ತಿ, ಆಗೊಮ್ಮೆ ಈಗೊಮ್ಮೆ ಉಪ್ಪುನೀರಿಗೂ ಹೋಗುವುದುಂಟು. ಎಸೆಯುವುದು ಬಲಗೈಯಲ್ಲಿ. ಡಬ್ಬದ ಮೇಲೆ 7.2:1, 9+1 ಬೇರಿಂಗ್, ಮ್ಯಾಗ್ನೆಟಿಕ್ ಬ್ರೇಕ್, ಡಿಸಿ ಎಂದೆಲ್ಲ ಬರೆದಿರುತ್ತಾರೆ. ಇದರಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮಗೆ ಬೇಕಾದ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: 10ರಿಂದ 20 ಗ್ರಾಂ. ರೀಲ್ ಆರಿಸುವಾಗ ಮೊದಲು ಹಿಡಿಯಬೇಕಾದ ಅಂಕಿ ಅದು. ಗೇರ್, ಬೇರಿಂಗ್ ಎಲ್ಲ ಆಮೇಲೆ.

ಕಾರಣ ಹೇಳುತ್ತೇನೆ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ (ಲೈನ್, ಅಂದರೆ ದಾರ, ಸುತ್ತುವ ಉರುಳೆ) ನಿಂತಲ್ಲೇ ಇರುತ್ತದೆ, ಲೈನ್ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಇಲ್ಲಿ ಹಾಗಲ್ಲ. ಹಾರುತ್ತಿರುವ ಲೂರ್ ಲೈನನ್ನು ಎಳೆದು, ಸ್ಪೂಲನ್ನೇ ತಿರುಗಿಸಬೇಕು. ಸ್ಪೂಲ್ ಭಾರವಿದ್ದರೆ ಎರಡು ತೊಂದರೆ. ಹಗುರ ಲೂರ್‌ಗೆ ಅದನ್ನು ತಿರುಗಿಸಲು ಶುರುಮಾಡುವುದೇ ಕಷ್ಟ. ಒಮ್ಮೆ ತಿರುಗತೊಡಗಿದರೆ ಬೇಗ ನಿಲ್ಲುವುದೂ ಇಲ್ಲ. ಲೂರ್ ಗಾಳಿಯಲ್ಲಿ ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಅದೇ ವೇಗದಲ್ಲಿ ಲೈನ್ ಬಿಚ್ಚುತ್ತಲೇ ಇರುತ್ತದೆ. ಹೊರಗೆ ಹೋಗಲಾಗದ ಲೈನ್ ಒಳಗೇ ಸುರುಳಿಯಾಗಿ ಎದ್ದು ಸಿಕ್ಕುಬೀಳುತ್ತದೆ. ಬ್ಯಾಕ್‌ಲ್ಯಾಶ್ ಅಂದರೆ ಇಷ್ಟೇ.

ಹಾಗಾಗಿ ನಿಮ್ಮ ತೂಕಕ್ಕೆ 32ರಿಂದ 34 ಮಿ.ಮೀ. ವ್ಯಾಸದ, ಆಳ ಕಡಿಮೆಯಿರುವ ಅಲ್ಯೂಮಿನಿಯಂ ಸ್ಪೂಲ್ ನೋಡಿ. ಕಂಪನಿಗಳು ಸಾಮಾನ್ಯವಾಗಿ 100 ಅಥವಾ 150 ಎಂದು ಕರೆಯುವ ಅಳತೆ. 36 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವು 20 ಗ್ರಾಂ ದಾಟಿದ ಲೂರ್‌ಗಳಿಗೆ ಒಳ್ಳೆಯವು. 5 ಗ್ರಾಂ ಆಸುಪಾಸಿನವಕ್ಕೆ 28-30 ಮಿ.ಮೀ. ಸ್ಪೂಲಿನ ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಮ್) ರೀಲ್‌ಗಳು ಬೇರೆಯೇ ಇವೆ. ಒಂದೇ ರೀಲ್‌ನಲ್ಲಿ 5 ಗ್ರಾಂನಿಂದ 40 ಗ್ರಾಂವರೆಗೆ ಎಲ್ಲವನ್ನೂ ಎಸೆಯಬೇಕು ಅಂತ ಹೊರಟರೆ ಯಾವುದೂ ಸರಿಯಾಗಿ ಆಗುವುದಿಲ್ಲ. 7 ಗ್ರಾಂಗಿಂತ ಕೆಳಗಿನವನ್ನು ನಿಮ್ಮ ಹಳೆಯ ಸ್ಪಿನ್ನಿಂಗ್ ರೀಲ್‌ಗೇ ಬಿಡಿ.

ಲೈನ್ ಎಷ್ಟು ಹಿಡಿಯುತ್ತದೆ ಎಂಬುದಕ್ಕೆ ಮರುಳಾಗಬೇಡಿ. ಈ ಬಗೆಯ ಮೀನುಗಾರಿಕೆಗೆ 100 ಮೀಟರ್ ಸಾಕು. ಆಳದ ಸ್ಪೂಲಿಗೆ ಸುತ್ತಿದ ಹೆಚ್ಚುವರಿ ಲೈನ್ ಕೂಡ ಪ್ರತಿ ಎಸೆತದಲ್ಲೂ ತಿರುಗಬೇಕಾದ ಭಾರವೇ.

ಉತ್ತರ 2

ಸ್ಪೂಲ್ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಬ್ರೇಕ್ ಬಗ್ಗೆ ಬರೆಯುತ್ತೇನೆ, ದುಡ್ಡು ಕೊಡಬೇಕಾದ ಎರಡನೇ ಜಾಗ ಅದೇ.

ಸೆಂಟ್ರಿಫ್ಯೂಗಲ್ ಬ್ರೇಕ್‌ನಲ್ಲಿ ಸ್ಪೂಲ್ ಪಕ್ಕ ಪುಟ್ಟ ಪ್ಲಾಸ್ಟಿಕ್ ಬ್ಲಾಕ್‌ಗಳಿರುತ್ತವೆ. ಸ್ಪೂಲ್ ತಿರುಗಿದಾಗ ಅವು ಹೊರಕ್ಕೆ ಸರಿದು ಒಂದು ಬಳೆಗೆ ಉಜ್ಜುತ್ತವೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಅಂದರೆ ಎಸೆತದ ಶುರುವಿನಲ್ಲಿ ಬಿಗಿ ಹಿಡಿತ, ಕೊನೆಗೆ ಬಂದಾಗ ಹಿಡಿತ ಇಲ್ಲವೆನ್ನುವಷ್ಟು ಕಡಿಮೆ. ದೂರ ಚೆನ್ನಾಗಿ ಹೋಗುತ್ತದೆ, ಕೊನೆಯ ಭಾಗವನ್ನು ಮಾತ್ರ ಹೆಬ್ಬೆರಳು ನೋಡಿಕೊಳ್ಳಬೇಕು. ಶಿಮಾನೊದ ಎಸ್‌ವಿಎಸ್ ಇನ್ಫಿನಿಟಿ ಈ ಬಗೆಯದು.

ಮ್ಯಾಗ್ನೆಟಿಕ್ ಬ್ರೇಕ್‌ನಲ್ಲಿ ಉಜ್ಜುವುದು ಏನೂ ಇಲ್ಲ. ಆಯಸ್ಕಾಂತಗಳ ಎದುರು ಲೋಹ ತಿರುಗುವಾಗ ಹುಟ್ಟುವ ವಿದ್ಯುತ್ ಸುಳಿಗಳೇ ಸ್ಪೂಲನ್ನು ತಡೆಯುತ್ತವೆ. ತಡೆ ವೇಗದ ಜೊತೆ ನಿಧಾನವಾಗಿ ಏರಿಳಿಯುವುದರಿಂದ ಎಸೆತದ ಕೊನೆಯಲ್ಲೂ ಸ್ವಲ್ಪ ಉಳಿದಿರುತ್ತದೆ. ಕಲಿಯುವವರಿಗೆ ಇದು ಅನುಕೂಲ. ದಾಯ್ವಾದ ಮ್ಯಾಗ್‌ಫೋರ್ಸ್, ಅಬು ಗಾರ್ಸಿಯಾದ ಮ್ಯಾಗ್‌ಟ್ರ್ಯಾಕ್ಸ್ ಈ ಸಾಲಿನವು. ದಾಯ್ವಾದ ಎಸ್‌ವಿ ಸ್ಪೂಲ್‌ಗಳು ಹಗುರ, ತಡೆಯೂ ಹೆಚ್ಚು. ಸ್ವಲ್ಪ ದೂರ ಬಿಟ್ಟುಕೊಟ್ಟು ನೆಮ್ಮದಿ ಪಡೆಯುವ ವ್ಯವಸ್ಥೆ ಅದು.

ಡಿಸಿ ಎಂದರೆ ಚಿಪ್ ಇರುವ ಬ್ರೇಕ್. ಸ್ಪೂಲ್ ವೇಗವನ್ನು ಅಳೆದು ಬೇಕಾದಷ್ಟೇ ತಡೆಯುತ್ತದೆ, ಬ್ಯಾಟರಿ ಬೇಡ, ಸ್ಪೂಲ್ ತಿರುಗುವುದರಿಂದಲೇ ವಿದ್ಯುತ್ ಹುಟ್ಟುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಎದುರುಗಾಳಿಗೆ ಎಸೆದರೆ, ಹೆಬ್ಬೆರಳು ಇಡದಿದ್ದರೆ ಅದೂ ಸಿಕ್ಕುಬೀಳುತ್ತದೆ. ಲೂರ್ ನೀರಿಗೆ ಬಿದ್ದ ಕ್ಷಣ ಸ್ಪೂಲ್ ನಿಲ್ಲಿಸುವ ಕೆಲಸ ಯಾವ ಚಿಪ್ಪೂ ಪೂರ್ತಿ ಮಾಡುವುದಿಲ್ಲ. ಅದೇ ದುಡ್ಡಿಗೆ ಸಾದಾ ಬ್ರೇಕಿನ, ಆದರೆ ಫ್ರೇಮ್ ಮತ್ತು ಗೇರ್ ಒಳ್ಳೆಯದಿರುವ ರೀಲ್ ಸಿಕ್ಕರೆ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಯಾವ ಬಗೆಯದೇ ಆಗಲಿ, ಬ್ರೇಕ್ ಡಯಲ್ ಹೊರಗಿರಲಿ. ಫ್ರಾಗ್ ಬಿಚ್ಚಿ ಸ್ಪಿನ್ನರ್‌ಬೇಟ್ ಕಟ್ಟಿದಾಗಲೆಲ್ಲ, ಗಾಳಿ ತಿರುಗಿದಾಗಲೆಲ್ಲ ಅದನ್ನು ಮುಟ್ಟಬೇಕಾಗುತ್ತದೆ. ಪ್ರತಿ ಸಲ ಸೈಡ್ ಪ್ಲೇಟ್ ತೆಗೆದು ಒದ್ದೆ ಕೈಯಲ್ಲಿ ಪುಟ್ಟ ಬ್ಲಾಕ್ ಸರಿಸುವುದು ಆಗದ ಮಾತು.

ಉತ್ತರ 3

ಬೇರಿಂಗ್ ಸಂಖ್ಯೆಯನ್ನು ಪೂರ್ತಿ ಮರೆತುಬಿಡಿ. ಎಸೆತಕ್ಕೆ ಸಂಬಂಧಿಸಿದ್ದು ಸ್ಪೂಲಿನ ಎರಡು ಬದಿಯ ಬೇರಿಂಗ್ ಮಾತ್ರ, ಕೆಲವು ರೀಲ್‌ಗಳಲ್ಲಿ ಪಿನಿಯನ್‌ಗೆ (ಸ್ಪೂಲನ್ನು ತಿರುಗಿಸುವ ಪುಟ್ಟ ಗೇರ್) ಇನ್ನೊಂದು. ಉಳಿದವು ಹಿಡಿಕೆಯ ಗುಬುಟುಗಳಲ್ಲಿ, ಲೆವೆಲ್‌ವೈಂಡ್‌ನಲ್ಲಿ (ಲೈನನ್ನು ಸ್ಪೂಲ್ ಮೇಲೆ ಸಮವಾಗಿ ಹರಡುವ ಭಾಗ) ಕೂತಿರುತ್ತವೆ. "+1" ಎಂದರೆ ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಬೇರಿಂಗ್. ಅಗ್ಗದ 12+1ಕ್ಕಿಂತ ಒಳ್ಳೆಯ 5+1 ಎಷ್ಟೋ ವಾಸಿ.

ಉತ್ತರ 4

ಗೇರ್ ರೇಷಿಯೋ: 7.2:1 ಎಂದರೆ ಹಿಡಿಕೆ ಒಂದು ಸುತ್ತು ಬಂದಾಗ ಸ್ಪೂಲ್ 7.2 ಸುತ್ತು. ಆದರೆ ಅದೊಂದರಿಂದ ಲೈನ್ ಎಷ್ಟು ಬಂತು ಎಂದು ಗೊತ್ತಾಗದು, ಸ್ಪೂಲಿನ ವ್ಯಾಸವೂ ಬೇಕು. 34 ಮಿ.ಮೀ. ಸ್ಪೂಲಿನ ಸುತ್ತಳತೆ ಸುಮಾರು 10.7 ಸೆ.ಮೀ. 7.2ರಿಂದ ಗುಣಿಸಿದರೆ ಒಂದು ಸುತ್ತಿಗೆ 77 ಸೆ.ಮೀ. ಅದೇ ಸ್ಪೂಲ್‌ನಲ್ಲಿ 5.5:1 ಆದರೆ 59 ಸೆ.ಮೀ., 8.1:1 ಆದರೆ 87 ಸೆ.ಮೀ. ಇದು ಸ್ಪೂಲ್ ತುಂಬಿದ್ದಾಗಿನ ಲೆಕ್ಕ. ದೂರ ಎಸೆದು ಲೈನ್ ಕಡಿಮೆಯಾದಾಗ ಸುತ್ತಳತೆ ಇಳಿದು ಇಷ್ಟು ಬರುವುದಿಲ್ಲ.

ಫ್ರಾಗ್‌ಗೆ ವೇಗ ಬೇಕೇ ಬೇಕು. ಮೀನು ಕಚ್ಚಿದಾಗ ಸಡಿಲ ಲೈನನ್ನು ತಕ್ಷಣ ಎಳೆದುಕೊಂಡು, ಅದು ಗಿಡಗಂಟಿಯೊಳಗೆ ನುಗ್ಗುವ ಮೊದಲೇ ತಲೆ ಎತ್ತಿಸಬೇಕು. ಸಾಫ್ಟ್ ಪ್ಲಾಸ್ಟಿಕ್‌ನಲ್ಲೂ ಲೂರ್ ಆಡಿಸುವುದು ರಾಡ್, ರೀಲ್ ಸಡಿಲು ಎಳೆದುಕೊಳ್ಳುವುದಕ್ಕಷ್ಟೇ. ಸ್ಪಿನ್ನರ್‌ಬೇಟ್‌ಗೆ ನಿಧಾನ ಬೇಕು, ಅದು ಕೈಯಲ್ಲೇ ಇದೆ, ನಿಧಾನ ತಿರುಗಿಸಿದರಾಯಿತು. ನೀರನ್ನು ಜೋರಾಗಿ ತಳ್ಳುವ ಆಳದ ಕ್ರ್ಯಾಂಕ್‌ಬೇಟ್‌ಗಳನ್ನು ಎಳೆಯುವವರಿಗೆ ಮಾತ್ರ 5.5-6.3 ಸರಿ, ಕೈ ಸೋಲುವುದಿಲ್ಲ. ಒಂದೇ ರೀಲ್ ಇಟ್ಟುಕೊಳ್ಳುವ ನಿಮಗೆ 7ರ ಆಸುಪಾಸು ಸರಿಹೋಗುತ್ತದೆ. 8 ದಾಟಿದ್ದು ಬೇಡ, ದೊಡ್ಡ ಮೀನು ಎಳೆಯುವಾಗ ಹಿಡಿಕೆ ಭಾರವಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಇನ್ನೆರಡು ಅನುಮಾನ. ಹಿಡಿಕೆ ಎಡಗಡೆಯದೋ ಬಲಗಡೆಯದೋ? ಉಪ್ಪುನೀರಿಗೆ ಬೇರೆ ರೀಲ್ ಬೇಕೇ?

ಉತ್ತರ 5

ಬಲಗೈಯಲ್ಲಿ ಎಸೆಯುತ್ತೀರಿ, ಸ್ಪಿನ್ನಿಂಗ್ ರೀಲ್‌ನಲ್ಲಿ ಎಡಗೈಯಲ್ಲಿ ತಿರುಗಿಸಿ ರೂಢಿಯಾಗಿದ್ದರೆ ಎಡ ಹಿಡಿಕೆಯದನ್ನೇ ತಗೊಳ್ಳಿ. ಎಸೆದ ಮೇಲೆ ರಾಡ್ ಕೈ ಬದಲಿಸಬೇಕಿಲ್ಲ, ಲೂರ್ ಬಿದ್ದ ಕೂಡಲೇ ಕಚ್ಚುವ ಮೀನು ತಪ್ಪುವುದಿಲ್ಲ. ಸ್ಪಿನ್ನಿಂಗ್ ರೀಲ್‌ನ ಹಾಗೆ ಇದರ ಹಿಡಿಕೆಯನ್ನು ಬಿಚ್ಚಿ ಆಚೆ ಬದಿಗೆ ಹಾಕಲಾಗದು, ಕೊಳ್ಳುವಾಗಲೇ ನೋಡಬೇಕು. ಶಿಮಾನೊದಲ್ಲಿ 150 ಬಲ, 151 ಎಡ. ದಾಯ್ವಾದಲ್ಲಿ ಎಡದ್ದಕ್ಕೆ ಹೆಸರಿನ ಕೊನೆಗೆ ಎಲ್ ಅಕ್ಷರ ಇರುತ್ತದೆ.

ಉಪ್ಪುನೀರಿಗೆ ಅಪರೂಪಕ್ಕೆ ಹೋಗುವುದಾದರೆ ಬೇರೆ ರೀಲ್ ಬೇಡ, ಮ್ಯಾಗ್ನೀಸಿಯಂ ಫ್ರೇಮ್ ಮಾತ್ರ ಬೇಡ. ಹಗುರವೇನೋ ಹೌದು, ಬಣ್ಣ ಒಂದು ಕಡೆ ಕಿತ್ತರೆ ಉಪ್ಪು ಅಲ್ಲಿಂದಲೇ ತಿನ್ನುತ್ತಾ ಹೋಗುತ್ತದೆ. ಅಲ್ಯೂಮಿನಿಯಂ ಫ್ರೇಮ್, ಹಿತ್ತಾಳೆಯ ಮುಖ್ಯ ಗೇರ್ ಇದ್ದರೆ ಬಾಳಿಕೆ ಜಾಸ್ತಿ, ತೂಕ ಸ್ವಲ್ಪ ಹೆಚ್ಚು. ಪೂರ್ತಿ ಗ್ರಾಫೈಟ್ ಫ್ರೇಮ್ ತುಕ್ಕು ಹಿಡಿಯದು, ಆದರೆ ಜೋರು ಎಳೆತಕ್ಕೆ ಬಾಗುತ್ತದೆ. ಫ್ರೇಮ್ ಬಾಗಿದರೆ ಗೇರ್ ಹಲ್ಲುಗಳು ಸರಿಯಾಗಿ ಕೂರದೆ ಬೇಗ ಸವೆಯುತ್ತವೆ.

ವಾಪಸ್ ಬಂದ ದಿನವೇ ತೊಳೆಯಿರಿ. ಡ್ರ್ಯಾಗ್ (ಮೀನು ಜಗ್ಗಿದಾಗ ಲೈನ್ ಎಷ್ಟು ಬಿಗಿಯಲ್ಲಿ ಬಿಡಬೇಕೆಂದು ಹೊಂದಿಸುವ ಭಾಗ) ಬಿಗಿಮಾಡಿ, ಸಿಹಿನೀರನ್ನು ಮೇಲಿಂದ ಸಣ್ಣಗೆ ಸುರಿಯಿರಿ. ಪೈಪಿನಿಂದ ರಭಸವಾಗಿ ಹೊಡೆಯಬೇಡಿ, ನೀರಲ್ಲಿ ಮುಳುಗಿಸಲೂಬೇಡಿ, ಎರಡರಲ್ಲೂ ಉಪ್ಪು ಒಳಕ್ಕೇ ಹೋಗುತ್ತದೆ. ಒರೆಸಿ, ನೆರಳಲ್ಲಿ ಒಣಗಿಸಿ, ಡ್ರ್ಯಾಗ್ ಪೂರ್ತಿ ಸಡಿಲ ಬಿಟ್ಟು ಇಡಿ. ಒಣಗಿದ ಮೇಲೆ ಸ್ಪೂಲ್ ಬೇರಿಂಗ್‌ಗೆ ಒಂದೊಂದೇ ಹನಿ ತೆಳು ಎಣ್ಣೆ. ಲೆವೆಲ್‌ವೈಂಡ್‌ನ ತಿರುಪು ಕಂಬಿಯಲ್ಲಿ ಮರಳು, ಪಾಚಿ ಸೇರಿಕೊಳ್ಳುತ್ತದೆ. ಅದನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒಂದು ಹನಿ ಹಾಕಿ. ಸೆಂಟ್ರಿಫ್ಯೂಗಲ್ ಬಳೆಗೆ ಎಣ್ಣೆ ತಗುಲಿದರೆ ಬ್ರೇಕ್ ಹಿಡಿಯದು. "+1" ರೋಲರ್‌ಗೆ ಗ್ರೀಸ್ ಹೋದರೆ ಮೀನು ಹೊಡೆದಾಗ ಹಿಡಿಕೆ ಹಿಂದಕ್ಕೆ ಜಾರುತ್ತದೆ.

ಉತ್ತರ 6

ಅಂಗಡಿಯಲ್ಲಿ ಕೈಗೆ ತಗೊಂಡಾಗ ಇಷ್ಟು ನೋಡಿ. ಸ್ಪೂಲ್ ಅಂಚಿಗೂ ಫ್ರೇಮ್‌ಗೂ ನಡುವಿನ ಸಂದು ಸುತ್ತಲೂ ಒಂದೇ ಸಮ, ಕೂದಲೆಳೆಯಷ್ಟೇ ಇರಬೇಕು. ಅಗಲವಿದ್ದರೆ ಸಣ್ಣ ಬ್ರೇಡ್ (ಹೆಣೆದ ಲೈನ್) ಒಳಗೆ ನುಗ್ಗಿ ಶಾಫ್ಟ್‌ಗೆ ಸುತ್ತಿಕೊಳ್ಳುತ್ತದೆ. ಹಿಡಿಕೆಯನ್ನು ಹಿಂದಕ್ಕೆ ಒತ್ತಿದರೆ ಅಲುಗಬಾರದು. ಥಂಬ್ ಬಾರ್ (ಎಸೆಯಲು ಸ್ಪೂಲನ್ನು ಬಿಡಿಸುವ ಗುಂಡಿ) ಒತ್ತಿ, ಹಿಡಿಕೆ ತುಸು ತಿರುಗಿಸಿದ ಕೂಡಲೇ ಟಕ್ ಎಂದು ಕೂರಬೇಕು. ಡ್ರ್ಯಾಗ್ ಅರ್ಧ ಬಿಗಿಮಾಡಿ ಲೈನ್ ಎಳೆಯಿರಿ: ಮೊದಲು ಹಿಡಿದುಕೊಂಡು ಆಮೇಲೆ ಜಗ್ಗೆಂದು ಬಿಟ್ಟರೆ ಆ ರೀಲ್ ಬೇಡ, ಲೈನ್ ತುಂಡಾಗುವುದು ಅಂಥ ಜಗ್ಗಿನಲ್ಲೇ. ಕಾರ್ಬನ್ ವಾಷರ್ ಇರುವ 5 ಕೆ.ಜಿ. ಡ್ರ್ಯಾಗ್ ನಿಮಗೆ ಧಾರಾಳ. ಬಯಲು ನೀರಿನಲ್ಲಿ ಅದನ್ನು ಲೈನಿನ ಶಕ್ತಿಯ ನಾಲ್ಕನೇ ಒಂದರಿಂದ ಮೂರನೇ ಒಂದರಷ್ಟಕ್ಕೆ ಇಡಿ.

ಲೈನ್ 30-40 ಪೌಂಡಿನ ಬ್ರೇಡ್ ಇರಲಿ. 20ಕ್ಕಿಂತ ಸಣ್ಣದು ಬಿಗಿ ಎಳೆತದಲ್ಲಿ ಕೆಳಗಿನ ಸುತ್ತುಗಳ ನಡುವೆ ಹೂತುಕೊಂಡು, ಮುಂದಿನ ಎಸೆತದಲ್ಲಿ ಗಕ್ಕನೆ ನಿಲ್ಲುತ್ತದೆ, ಲೂರ್ ಹರಿದುಕೊಂಡು ಹಾರಿಹೋಗುತ್ತದೆ. ಬ್ರೇಡನ್ನು ಬರಿಯ ಸ್ಪೂಲಿಗೆ ಕಟ್ಟಿದರೆ ಇಡೀ ಸುತ್ತೇ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅನಿಸುವುದು ಎಷ್ಟೋ ಸಲ ಇದರಿಂದಲೇ. ಅಡಿಯಲ್ಲಿ ಎಂಟು-ಹತ್ತು ಸುತ್ತು ಮೊನೊ (ಒಂಟಿ ಎಳೆಯ ನೈಲಾನ್ ಲೈನ್) ಹಾಕಿ ಅದಕ್ಕೆ ಬ್ರೇಡ್ ಕಟ್ಟಿ. ಸ್ಪೂಲ್ ಅಂಚಿಗಿಂತ 2-3 ಮಿ.ಮೀ. ಕೆಳಗೆ ನಿಲ್ಲಿಸಿ.

ರಾಡ್ ಕೂಡ ಕಾಸ್ಟಿಂಗ್ ರಾಡೇ ಆಗಬೇಕು, ಟ್ರಿಗರ್ ಇರುವಂಥದು. ಸ್ಪಿನ್ನಿಂಗ್ ರಾಡ್‌ಗೆ ಇದನ್ನು ಹಾಕಬೇಡಿ. ರಾಡ್ ಮೇಲೆ ಬರೆದ ಲೂರ್ ತೂಕದ ನಡುವೆ ನಿಮ್ಮ 10-20 ಗ್ರಾಂ ಕೂರಲಿ.

ಉತ್ತರ 7

ರೀಲ್ ಬಂದ ಮೇಲಿನ ಹೊಂದಾಣಿಕೆ. ಹಿಡಿಕೆ ಪಕ್ಕದ ಪುಟ್ಟ ಟೆನ್ಷನ್ ನಾಬನ್ನು ಸಡಿಲಿಸಿ, ಹೆಬ್ಬೆರಳಿನಿಂದ ಸ್ಪೂಲನ್ನು ಅಡ್ಡಕ್ಕೆ ಅಲುಗಿಸಿ. ಆ ಅಲುಗಾಟ ಈಗಷ್ಟೇ ನಿಂತಿತು ಎನ್ನುವಲ್ಲಿಗೆ ಬಿಗಿಮಾಡಿ ಬಿಡಿ. ಲೂರ್ ನಿಧಾನ ಇಳಿಯುವಷ್ಟು ಬಿಗಿಮಾಡಿ ಎಂದು ಹಳೆಯ ಕೈಪಿಡಿಗಳು ಹೇಳುತ್ತವೆ. ಮೊದಮೊದಲು ಹಾಗೆ ಮಾಡಿದರೂ ತಪ್ಪಿಲ್ಲ, ಆದರೆ ಅದು ಎಸೆತದ ಪೂರ್ತಿ ದೂರಕ್ಕೂ ಅಡ್ಡಿ. ತಡೆಯುವ ಕೆಲಸವನ್ನು ಬ್ರೇಕ್‌ಗೇ ಕೊಡಿ: 10ರ ಡಯಲ್ ಆದರೆ 8ಕ್ಕೆ ಇಟ್ಟು ಶುರುಮಾಡಿ, ಸಿಕ್ಕಿಲ್ಲದೆ ಹೋದಂತೆಲ್ಲ ಒಂದೊಂದೇ ಇಳಿಸಿ. ಎಸೆಯುವಾಗ ಹಿಡಿಕೆ ಇರುವ ಬದಿ ಮೇಲಕ್ಕೆ ಬರುವಂತೆ ಮಣಿಕಟ್ಟು ತಿರುಗಿಸಿದರೆ ಸ್ಪೂಲ್ ಸರಾಗ ತಿರುಗುತ್ತದೆ. ಹೊಡೆತದ ಹಾಗೆ ಬೀಸಬೇಡಿ, ರಾಡನ್ನು ಬಾಗಿಸಿ ಅದರಿಂದಲೇ ಎಸೆಸಿ. ಅಭ್ಯಾಸಕ್ಕೆ ಕೊಕ್ಕೆ ಕತ್ತರಿಸಿದ 14 ಗ್ರಾಂ ಲೂರ್ ಒಳ್ಳೆಯದು. ಫ್ರಾಗ್ ಗಾಳಿಗೆ ತಡೆಯೊಡ್ಡುತ್ತದೆ, ಅದರಲ್ಲಿ ಕಲಿಯಬೇಡಿ.

ಒಂದು ಉಪಾಯ: ಆರಾಮಾಗಿ ಎಸೆಯುವ ದೂರದಷ್ಟು ಲೈನ್ ಬಿಚ್ಚಿ, ಇನ್ನೈದು-ಹತ್ತು ಮೀಟರ್ ಎಳೆದು, ಸ್ಪೂಲ್ ಮೇಲೆ ಉಳಿದ ಲೈನಿಗೆ ಅಡ್ಡಲಾಗಿ ಟೇಪ್ ತುಂಡೊಂದನ್ನು ಅಂಟಿಸಿ ಮತ್ತೆ ಸುತ್ತಿ. ಸಿಕ್ಕು ಆ ಟೇಪ್‌ಗಿಂತ ಕೆಳಗೆ ಇಳಿಯುವುದಿಲ್ಲ. ಕೈ ಪಳಗಿದ ಮೇಲೆ ಟೇಪ್ ತೆಗೆಯಿರಿ, ಇಲ್ಲದಿದ್ದರೆ ದೊಡ್ಡ ಮೀನಿಗೆ ಬಿಡಲು ಲೈನ್ ಇರುವುದಿಲ್ಲ.

ಸಿಕ್ಕುಬಿದ್ದಾಗ ಲೂರ್ ಕಡೆಯಿಂದ ಜಗ್ಗಬೇಡಿ, ಬರಿ ಸುರುಳಿಯಾಗಿದ್ದದ್ದು ಗಂಟಾಗುತ್ತದೆ. ಡ್ರ್ಯಾಗ್ ಬಿಗಿಮಾಡಿ, ಹೆಬ್ಬೆರಳಿಂದ ಸ್ಪೂಲ್ ಮೇಲಿನ ಸುರುಳಿಗಳನ್ನು ಗಟ್ಟಿಯಾಗಿ ಒತ್ತಿ, ಒತ್ತಿಕೊಂಡೇ ಹಿಡಿಕೆಯನ್ನು ಎರಡು ಮೂರು ಸುತ್ತು ತಿರುಗಿಸಿ. ಅಡ್ಡ ಬಿದ್ದ ಸುರುಳಿಗಳು ಚಪ್ಪಟೆಯಾಗುತ್ತವೆ. ಆಮೇಲೆ ಥಂಬ್ ಬಾರ್ ಒತ್ತಿ ಲೈನನ್ನು ಮೆಲ್ಲಗೆ ಎಳೆಯಿರಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ಮೇಲೆ ಅಡ್ಡವಾಗಿರುವ ಕುಣಿಕೆಯನ್ನು ಬೆರಳಲ್ಲಿ ಎತ್ತಿ ಬಿಡಿಸಿ, ಮತ್ತೆ ಒತ್ತಿ ತಿರುಗಿಸಿ. ಮೊನೊ ಆದರೆ ಬಿಡಿಸಿದ ಭಾಗವನ್ನು ಉಗುರಿನ ಮೇಲೆ ಎಳೆದು ನೋಡಿ. ಬಿಳಿಚಿಕೊಂಡ ಮಡಿಕೆ ಕಂಡರೆ ಅಲ್ಲಿಗೆ ಕತ್ತರಿಸಿ ಲೂರನ್ನು ಹೊಸದಾಗಿ ಕಟ್ಟಿ.