ಗ್ರಾನೈಟ್ ಕಟಿಂಗ್‌ಗೆ ಮಾಸ್ಕ್: ಕನ್ನಡಕ ಮಂಜಾಗ್ತಿದೆ

ಪ್ರಶ್ನೆ: ಶೆಡ್‌ನಲ್ಲಿ ಗ್ರಾನೈಟ್ ಕಟಿಂಗ್, ಪಾಲಿಶ್ ಎರಡೂ ಇದೆ. ಎಫ್‌ಎಫ್‌ಪಿ2 (ನುಣ್ಣನೆ ಧೂಳು ಸೋಸುವ) ಮಾಸ್ಕ್ ಕೊಟ್ಟರೆ ಕನ್ನಡಕ ಮಂಜಾಗುತ್ತೆ ಅಂತ ಹುಡುಗರು ಟವೆಲ್ ಕಟ್ಕೋತಾರೆ. ಏನು ಮಾಡೋದು?

ಉತ್ತರ 1: ಮಂಜಾಗ್ತಿದೆ ಅಂದ್ರೆ ಮೂಗಿನ ಹತ್ತಿರ ಗಾಳಿ ಸೋರ್ತಿದೆ. ಅದೇ ಸಂದಿಯಿಂದ ಧೂಳೂ ಒಳಗೆ ಹೋಗುತ್ತೆ. ಮೇಲಿನ ಪಟ್ಟಿ ಹಿಂದಲೆಯ ಮೇಲ್ಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ ಬರಲಿ. ಮೂಗಿನ ತಗಡನ್ನು ಎರಡೂ ಕೈಬೆರಳಿಂದ ಒತ್ತಿ ಕೂರಿಸಿ. ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರು ಬಿಟ್ಟಾಗ ಅಂಚಿನಲ್ಲಿ ಗಾಳಿ ತಾಗಬಾರದು. ಗಡ್ಡ ಇದ್ದರೆ ಸೀಲ್ ಕೂರೋದೇ ಇಲ್ಲ.

ಉತ್ತರ 2: ಟವೆಲ್ ಸಿಲಿಕಾ (ಗ್ರಾನೈಟ್ ಧೂಳಿನಲ್ಲಿರೋ, ಶ್ವಾಸಕೋಶ ಕೆಡಿಸೋ ನುಣ್ಣನೆ ಕಣ) ತಡೆಯಲ್ಲ, ದಯವಿಟ್ಟು ನಿಲ್ಲಿಸಿ. ಮಾಸ್ಕ್ ಮೇಲೆ ಐಎಸ್ 9473 (ಧೂಳಿನ ಮಾಸ್ಕಿನ ಭಾರತೀಯ ಮಾನಕ) ಗುರುತು ನೋಡಿ. ಅದಕ್ಕೂ ಮೊದಲು ಬ್ಲೇಡಿಗೆ ನೀರು ಬಿಡಿ, ನೀರಿರೋದ್ರಿಂದ ಕರೆಂಟ್ ಲೈನಿಗೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಸಿ. ಒಣ ಗ್ರೈಂಡಿಂಗ್ ತಪ್ಪಿಸೋಕಾಗದಿದ್ರೆ ಪಿ3 (ಇನ್ನೂ ಚೆನ್ನಾಗಿ ಸೋಸುವ) ಫಿಲ್ಟರಿನ ಹಾಫ್ ಮಾಸ್ಕ್ (ಮೂಗು-ಬಾಯಿ ಮುಚ್ಚೋ ರಬ್ಬರ್ ಮಾಸ್ಕ್) ಕೊಡಿ.

ಉತ್ತರ 3: ಕೆಲಸ ಮುಗಿದ ಮೇಲೆ ಕಂಪ್ರೆಸರ್ ಗಾಳಿಯಲ್ಲಿ ಬಟ್ಟೆ ಊದಬೇಡಿ, ಕೂತ ಧೂಳೆಲ್ಲ ಮತ್ತೆ ಏಳುತ್ತೆ.