ವೆಲೆರೊ ಬ್ಯಾಕಪ್ 'ಕಂಪ್ಲೀಟೆಡ್' ಅನ್ನುತ್ತದೆ, ರಿಸ್ಟೋರ್ ಮಾಡಿದರೆ ಡೇಟಾಬೇಸ್ ಖಾಲಿ

ಪ್ರಶ್ನೆ

ಸ್ವಂತ ಸರ್ವರ್‌ಗಳ ಮೇಲೆ ಮೂರು ನೋಡ್‌ಗಳ ಕೆ3ಎಸ್ (ಹಗುರ ಕ್ಯೂಬರ್ನೆಟಿಸ್) ಕ್ಲಸ್ಟರ್ ಇದೆ. ಸ್ಟೋರೇಜ್ ಕ್ಲಾಸ್ ಕೆ3ಎಸ್ ಜೊತೆಗೇ ಬರುವ ಲೋಕಲ್-ಪಾತ್. 'ಅಂಗಡಿ' ಎಂಬ ನೇಮ್‌ಸ್ಪೇಸ್‌ನಲ್ಲಿ ಪೋಸ್ಟ್‌ಗ್ರೆಸ್ ಸ್ಟೇಟ್‌ಫುಲ್‌ಸೆಟ್ ಒಂದು (ಡೇಟಾ ಸುಮಾರು 6 ಜಿಬಿ), ವೆಬ್ ಆ್ಯಪ್ ಒಂದು, ಅಪ್‌ಲೋಡ್ ಫೈಲ್‌ಗಳಿಗೆ 40 ಜಿಬಿ ಪಿವಿಸಿ (ಸ್ಟೋರೇಜ್ ಕೇಳುವ ಬೇಡಿಕೆ) ಒಂದು. ಬ್ಯಾಕಪ್ ಉಪಕರಣ ವೆಲೆರೊ 1.14, ವಾಲ್ಯೂಮ್‌ಗಳನ್ನು ಓದುವ ಅದರ ನೋಡ್-ಏಜೆಂಟ್ ಮೂರೂ ನೋಡ್‌ಗಳಲ್ಲಿ ಓಡುತ್ತಿದೆ, ಎಲ್ಲ ವಾಲ್ಯೂಮ್‌ಗಳನ್ನೂ ಫೈಲ್ ಸಿಸ್ಟಮ್ ಬ್ಯಾಕಪ್‌ಗೆ ಸೇರಿಸುವ ಫ್ಲ್ಯಾಗ್ ಆನ್ ಇದೆ. ಬ್ಯಾಕಪ್ ಹೋಗುವ ಬಕೆಟ್ ಮಿನಿಯೋದಲ್ಲಿದೆ (ಎಸ್3 ಬಗೆಯ ಸ್ಟೋರೇಜ್ ಸರ್ವರ್), ಮಿನಿಯೋ ಇದೇ ಕ್ಲಸ್ಟರ್‌ನಲ್ಲಿದೆ.

ಬ್ಯಾಕಪ್ ಸ್ಥಿತಿ 'ಕಂಪ್ಲೀಟೆಡ್'. 'ಅಂಗಡಿ-ಟೆಸ್ಟ್' ಎಂಬ ಹೊಸ ನೇಮ್‌ಸ್ಪೇಸ್‌ಗೆ ಮ್ಯಾಪ್ ಮಾಡಿ ರಿಸ್ಟೋರ್ ಕೊಟ್ಟರೆ ಅದೂ 'ಕಂಪ್ಲೀಟೆಡ್'. ಪಾಡ್‌ಗಳೆಲ್ಲ (ಕಂಟೇನರ್‌ಗಳು ಓಡುವ ಘಟಕಗಳು) ರನ್ನಿಂಗ್. ಆದರೆ ಪೋಸ್ಟ್‌ಗ್ರೆಸ್ ಒಳಗೆ ಒಂದೇ ಒಂದು ಟೇಬಲ್ ಇಲ್ಲ, ಅಪ್‌ಲೋಡ್ ಫೋಲ್ಡರೂ ಖಾಲಿ. ಎಲ್ಲಿ ತಪ್ಪುತ್ತಿದೆ?

ಉತ್ತರ 1

ತೊಂದರೆ ಲೋಕಲ್-ಪಾತ್‌ನಲ್ಲಿದೆ. ಬೇರೆ ಬಗೆ ಹೇಳದಿದ್ದರೆ ಅದು ಸೃಷ್ಟಿಸುವ ಪಿವಿಗಳು (ಪಿವಿಸಿಗೆ ಸಿಗುವ ನಿಜವಾದ ವಾಲ್ಯೂಮ್‌ಗಳು) ಹೋಸ್ಟ್‌ಪಾತ್ ಬಗೆಯವು, ಅಂದರೆ ನೋಡ್‌ನ ಒಂದು ಡೈರೆಕ್ಟರಿಯನ್ನೇ ನೇರ ತೋರಿಸುವಂಥವು. ವೆಲೆರೊದ ಫೈಲ್ ಸಿಸ್ಟಮ್ ಬ್ಯಾಕಪ್ ಹೋಸ್ಟ್‌ಪಾತ್ ವಾಲ್ಯೂಮ್‌ಗಳನ್ನು ಮುಟ್ಟುವುದಿಲ್ಲ, ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟದ್ದನ್ನು ಎರರ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಸ್ಥಿತಿ 'ಕಂಪ್ಲೀಟೆಡ್' ಎಂದೇ ಬರುತ್ತದೆ. ನಿಮ್ಮ ಬಕೆಟ್‌ನಲ್ಲಿ ಈಗ ಇರುವುದು ಆಬ್ಜೆಕ್ಟ್‌ಗಳ ವ್ಯಾಖ್ಯೆಗಳು ಮಾತ್ರ, ಡೇಟಾ ಅಲ್ಲ.

ಖಚಿತಪಡಿಸಿಕೊಳ್ಳಲು ಎರಡು ಕಡೆ ನೋಡಿ. ಬ್ಯಾಕಪ್ ಡಿಸ್ಕ್ರೈಬ್ ಕಮಾಂಡನ್ನು ಡೀಟೇಲ್ಸ್ ಫ್ಲ್ಯಾಗ್ ಜೊತೆ ಓಡಿಸಿ, ಪಾಡ್ ವಾಲ್ಯೂಮ್ ಬ್ಯಾಕಪ್‌ಗಳ ಪಟ್ಟಿಯಲ್ಲಿ ನಿಮ್ಮ ಎರಡು ವಾಲ್ಯೂಮ್‌ಗಳ ಹೆಸರು ಇದೆಯೇ ಹುಡುಕಿ. ಇರುವುದಿಲ್ಲ. ಆಮೇಲೆ ಬ್ಯಾಕಪ್ ಲಾಗ್‌ನಲ್ಲಿ 'ಹೋಸ್ಟ್‌ಪಾತ್' ಎಂದು ಹುಡುಕಿದರೆ 'ಸ್ಕಿಪ್ಪಿಂಗ್' ಎಂಬ ಎಚ್ಚರಿಕೆಯ ಸಾಲು ಸಿಗುತ್ತದೆ.

ಇನ್ನು ರಿಸ್ಟೋರ್ ಯಾಕೆ ಅಷ್ಟು ಸಲೀಸಾಗಿ ಮುಗಿಯಿತು? ಪಿವಿಯ ರಿಕ್ಲೇಮ್ ಪಾಲಿಸಿ (ಪಿವಿಸಿ ಅಳಿಸಿದಾಗ ಪಿವಿ ಏನಾಗಬೇಕೆಂಬ ನಿಯಮ) 'ಡಿಲೀಟ್' ಇದ್ದು ಅದರ ಡೇಟಾ ಬ್ಯಾಕಪ್‌ನಲ್ಲಿ ಇಲ್ಲದಿದ್ದರೆ ವೆಲೆರೊ ಪಿವಿಯನ್ನು ತಾನು ತರುವುದಿಲ್ಲ, ಪಿವಿಸಿ ಮಾತ್ರ ತರುತ್ತದೆ. ಲೋಕಲ್-ಪಾತ್ ಅದಕ್ಕೊಂದು ಹೊಸ ಖಾಲಿ ಡೈರೆಕ್ಟರಿ ಕೊಡುತ್ತದೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಇಮೇಜ್ ಖಾಲಿ ಡೈರೆಕ್ಟರಿ ಕಂಡರೆ ಇನಿಟ್‌ಡಿಬಿ ಓಡಿಸಿ ಹೊಸ ಡೇಟಾಬೇಸ್ ಕಟ್ಟಿಬಿಡುತ್ತದೆ. ಪಾಡ್ ರನ್ನಿಂಗ್, ಪ್ರೋಬ್ ಹಸಿರು, ಡೇಟಾ ಸೊನ್ನೆ.

ಪರಿಹಾರ: ಪಿವಿಯನ್ನು ಹೋಸ್ಟ್‌ಪಾತ್ ಬದಲು 'ಲೋಕಲ್' ಬಗೆಯದಾಗಿ ಮಾಡಿಸಿಕೊಳ್ಳಿ. ಲೋಕಲ್ ಬಗೆಯದನ್ನು ವೆಲೆರೊ ಓದುತ್ತದೆ. ಇದಕ್ಕೆ ಪಿವಿಸಿಯಲ್ಲಿ 'ವಾಲ್ಯೂಮ್‌ಟೈಪ್' ಅನೊಟೇಶನ್‌ಗೆ 'ಲೋಕಲ್' ಎಂದು ಕೊಡಬಹುದು, ಅಥವಾ ಸ್ಟೋರೇಜ್ ಕ್ಲಾಸ್‌ನಲ್ಲಿ 'ಡೀಫಾಲ್ಟ್‌ವಾಲ್ಯೂಮ್‌ಟೈಪ್' ಅನೊಟೇಶನ್ ಹಾಕಬಹುದು. ಕೆ3ಎಸ್ ಕೊಟ್ಟ ಸ್ಟೋರೇಜ್ ಕ್ಲಾಸನ್ನೇ ತಿದ್ದಲು ಹೋಗಬೇಡಿ. ಕೆ3ಎಸ್ ಮರುಶುರುವಾದಾಗ ತನ್ನ ಮ್ಯಾನಿಫೆಸ್ಟ್ ಅನ್ನು ಮತ್ತೆ ಬರೆಯುತ್ತದೆ. ಅದೇ ಪ್ರೊವಿಷನರ್ ಬಳಸುವ ಇನ್ನೊಂದು ಕ್ಲಾಸನ್ನು ಬೇರೆ ಹೆಸರಿನಲ್ಲಿ ಮಾಡಿಕೊಳ್ಳಿ.

ಈಗಾಗಲೇ ಇರುವ ಪಿವಿಯ ಬಗೆ ಬದಲಾಯಿಸಲು ಬರುವುದಿಲ್ಲ. ಅಪ್‌ಲೋಡ್ ಫೈಲ್‌ಗಳಿಗೆ ಹೀಗೆ ಮಾಡಿ: ಮೊದಲು ಹಳೆಯ ಪಿವಿಯ ರಿಕ್ಲೇಮ್ ಪಾಲಿಸಿಯನ್ನು 'ರಿಟೇನ್' ಮಾಡಿ, ಇಲ್ಲದಿದ್ದರೆ ಕೈತಪ್ಪಿ ಪಿವಿಸಿ ಅಳಿಸಿದ ಕ್ಷಣವೇ ಡಿಸ್ಕ್‌ನಿಂದ ಫೈಲ್‌ಗಳೂ ಹೋಗುತ್ತವೆ. ಡಿಪ್ಲಾಯ್‌ಮೆಂಟನ್ನು 0ಗೆ ಇಳಿಸಿ. ಹೊಸ ಪಿವಿಸಿ ಮಾಡಿ, ಹಳೆಯದು ಹೊಸದು ಎರಡನ್ನೂ ಮೌಂಟ್ ಮಾಡುವ ಒಂದು ತಾತ್ಕಾಲಿಕ ಪಾಡ್ ಎಬ್ಬಿಸಿ, 'ಸಿಪಿ -ಎ' ಇಂದ ನಕಲಿಸಿ. ಆ '-ಎ' ಬಿಟ್ಟರೆ ಮಾಲೀಕತ್ವ, ಪರ್ಮಿಶನ್ ಎಲ್ಲ ಕಲಸಿಹೋಗುತ್ತವೆ. ಹಳೆಯ ಪಿವಿ ಒಂದು ನೋಡ್‌ಗೆ ಕಟ್ಟಿಬಿದ್ದಿರುವುದರಿಂದ ಹೊಸದೂ ಅದೇ ನೋಡ್‌ನಲ್ಲಿ ಹುಟ್ಟುತ್ತದೆ, ಅಲ್ಲಿ ಇನ್ನೂ 40 ಜಿಬಿ ಜಾಗ ಇದೆಯೇ ಮೊದಲೇ ನೋಡಿಕೊಳ್ಳಿ. ಆಮೇಲೆ ಡಿಪ್ಲಾಯ್‌ಮೆಂಟ್‌ನಲ್ಲಿ ಪಿವಿಸಿ ಹೆಸರು ಬದಲಿಸಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಆದರೆ ಪೋಸ್ಟ್‌ಗ್ರೆಸ್‌ಗೆ ಆ ದಾರಿ ಹಿಡಿಯಬೇಡಿ. ಫೈಲ್ ಸಿಸ್ಟಮ್ ಬ್ಯಾಕಪ್ ಒಂದೊಂದೇ ಫೈಲ್ ಓದುತ್ತಾ ಹೋಗುತ್ತದೆ. ಮೊದಲ ಫೈಲ್ ಓದಿದ ಹೊತ್ತಿಗೂ ಕೊನೆಯ ಫೈಲ್ ಓದಿದ ಹೊತ್ತಿಗೂ ನಡುವೆ ಡೇಟಾಬೇಸ್ ಬರೆಯುತ್ತಲೇ ಇರುತ್ತದೆ. ಹಾಗೆ ಸಿಕ್ಕ ಪ್ರತಿಗೆ ಯಾವ ಒಂದು ಕ್ಷಣದ ಚಿತ್ರವೂ ಇರುವುದಿಲ್ಲ. ಎದ್ದರೂ ಎದ್ದೀತು, ಎದ್ದ ಮೇಲೆ ಇಂಡೆಕ್ಸ್ ಕೆಟ್ಟಿದ್ದು ವಾರದ ನಂತರ ತಿಳಿದೀತು.

ಡಂಪ್ ತೆಗೆಯಿರಿ. ಪೋಸ್ಟ್‌ಗ್ರೆಸ್ ಪಾಡ್‌ಗೆ 'ಡಂಪ್' ಎಂಬ ಎಂಪ್ಟಿಡಿರ್ ವಾಲ್ಯೂಮ್ (ಪಾಡ್ ಇರುವವರೆಗೆ ಮಾತ್ರ ಇರುವ ತಾತ್ಕಾಲಿಕ ಜಾಗ) ಸೇರಿಸಿ. ಎಂಪ್ಟಿಡಿರ್ ಇರುವುದು ಕ್ಯೂಬ್ಲೆಟ್‌ನ (ಪ್ರತಿ ನೋಡ್‌ನಲ್ಲಿ ಪಾಡ್‌ಗಳನ್ನು ನಡೆಸುವ ಪ್ರೋಗ್ರಾಂ) ಪಾಡ್ ಡೈರೆಕ್ಟರಿಯ ಒಳಗೇ, ಆದ್ದರಿಂದ ವೆಲೆರೊ ಅದನ್ನು ಓದುತ್ತದೆ. ಡೇಟಾಬೇಸ್‌ನ ಪಿವಿಸಿ ಹೋಸ್ಟ್‌ಪಾತ್ ಆಗಿಯೇ ಉಳಿದರೂ ಅಡ್ಡಿಯಿಲ್ಲ. ಆ ವಾಲ್ಯೂಮನ್ನು ಫೈಲ್ ಸಿಸ್ಟಮ್ ಬ್ಯಾಕಪ್‌ನಿಂದ ಹೊರಗಿಡುವ ಅನೊಟೇಶನ್ ಅನ್ನು ಪಾಡ್ ಟೆಂಪ್ಲೇಟ್‌ನಲ್ಲಿ ಹಾಕಿ. ಬ್ಯಾಕಪ್‌ನ ಪ್ರೀ-ಹುಕ್‌ನಲ್ಲಿ (ಬ್ಯಾಕಪ್‌ಗೆ ಮುನ್ನ ಪಾಡ್ ಒಳಗೆ ಓಡುವ ಕಮಾಂಡ್) ಪಿಜಿ_ಡಂಪ್ ಓಡಿಸಿ, ಕಸ್ಟಮ್ ಫಾರ್ಮ್ಯಾಟ್, ಕಂಪ್ರೆಷನ್ 0. ಕಂಪ್ರೆಸ್ ಮಾಡಿದರೆ ಒಳಗೆ ಸ್ವಲ್ಪ ಬದಲಾದರೂ ಅಲ್ಲಿಂದಾಚೆಯ ಬೈಟ್‌ಗಳೆಲ್ಲ ಬೇರೆಯಾಗುತ್ತವೆ, ಕೋಪಿಯಾಗೆ (ವೆಲೆರೊ ಒಳಗೆ ಫೈಲ್‌ಗಳನ್ನು ತುಂಡುಗಳಾಗಿ ಉಳಿಸುವ ಉಪಕರಣ) ನಿನ್ನೆಯ ಡಂಪ್‌ನ ತುಂಡುಗಳನ್ನು ಮತ್ತೆ ಬಳಸಿಕೊಳ್ಳಲು ಆಗುವುದಿಲ್ಲ. ಡಂಪ್ ಮೊದಲು ತಾತ್ಕಾಲಿಕ ಹೆಸರಿಗೆ ಬರೆಯಲಿ, ಗೆದ್ದರೆ ಮಾತ್ರ ನಿಜವಾದ ಹೆಸರಿಗೆ ಬದಲಾಗಲಿ.

ಇಲ್ಲಿ ಮುಗ್ಗರಿಸುವ ಜಾಗಗಳು:

ಹುಕ್ ಅನೊಟೇಶನ್ ಪಾಡ್ ಟೆಂಪ್ಲೇಟ್‌ನ ಮೆಟಾಡೇಟಾದಲ್ಲಿ ಇರಬೇಕು. ಸ್ಟೇಟ್‌ಫುಲ್‌ಸೆಟ್‌ನ ಸ್ವಂತ ಮೆಟಾಡೇಟಾದಲ್ಲಿ ಹಾಕಿದರೆ ವೆಲೆರೊ ಕಣ್ಣಿಗೆ ಬೀಳುವುದೇ ಇಲ್ಲ.

ಹುಕ್‌ನ ಟೈಮ್‌ಔಟ್ ಡೀಫಾಲ್ಟ್ 30 ಸೆಕೆಂಡ್. 6 ಜಿಬಿಗೆ ಅದು ಸಾಲದು, 10 ನಿಮಿಷ ಕೊಡಿ.

ಎಂಪ್ಟಿಡಿರ್‌ಗೆ ಸೈಜ್ ಲಿಮಿಟ್ ಕೊಡುವುದಾದರೆ ಧಾರಾಳವಾಗಿ ಕೊಡಿ. ಮಿತಿ ಮೀರಿದರೆ ಕ್ಯೂಬ್ಲೆಟ್ ಪಾಡನ್ನೇ ಎವಿಕ್ಟ್ ಮಾಡುತ್ತದೆ, ಬ್ಯಾಕಪ್ ಮಾಡಲು ಹೋಗಿ ಡೇಟಾಬೇಸ್ ಬೀಳುತ್ತದೆ.

ಪಿಜಿ_ಡಂಪ್‌ನಲ್ಲಿ ರೋಲ್‌ಗಳು ಬರುವುದಿಲ್ಲ. ಪಿಜಿ_ಡಂಪ್‌ಆಲ್ ಅನ್ನು 'ಗ್ಲೋಬಲ್ಸ್-ಓನ್ಲಿ' ಆಯ್ಕೆಯೊಂದಿಗೆ ಓಡಿಸಿ ಅದನ್ನೂ ಅದೇ ವಾಲ್ಯೂಮ್‌ನಲ್ಲಿಡಿ.

ರಿಸ್ಟೋರ್‌ನಲ್ಲಿ ಪೋಸ್ಟ್-ಹುಕ್ ಇಂದ ಪಿಜಿ_ರಿಸ್ಟೋರ್ ಓಡಿಸಬೇಕು. ಅದಕ್ಕೂ ಮೊದಲು ಸರ್ವರ್ ಎದ್ದಿದೆಯೇ ಎಂದು ಪಿಜಿ_ಈಸ್‌ರೆಡಿಯಿಂದ ಕಾಯುವಾಗ ಹೋಸ್ಟ್ 127.0.0.1 ಎಂದು ಕಡ್ಡಾಯವಾಗಿ ಕೊಡಿ. ಯಾಕೆಂದರೆ ಇಮೇಜ್ ಮೊದಲ ಸಲ ಇನಿಟ್‌ಡಿಬಿ ಮಾಡುವಾಗ ಯುನಿಕ್ಸ್ ಸಾಕೆಟ್‌ನಲ್ಲಿ ಮಾತ್ರ ಕೇಳುವ ತಾತ್ಕಾಲಿಕ ಸರ್ವರ್ ಒಂದನ್ನು ಎಬ್ಬಿಸಿ ಮತ್ತೆ ನಿಲ್ಲಿಸುತ್ತದೆ. ಸಾಕೆಟ್ ಮೂಲಕ ಕೇಳಿದರೆ 'ಸಿದ್ಧ' ಎನ್ನುತ್ತದೆ, ರಿಸ್ಟೋರ್ ಅರ್ಧದಲ್ಲಿರುವಾಗ ಆ ಸರ್ವರ್ ಕಾಲಡಿಯಿಂದ ಜಾರುತ್ತದೆ.

ಕೇಳಿದವರು

ಲಾಗ್‌ನಲ್ಲಿ ಹೋಸ್ಟ್‌ಪಾತ್ ಸಾಲು ಸಿಕ್ಕಿತು, ಎರಡು ವಾಲ್ಯೂಮ್‌ಗೂ ಅದೇ. ಡಂಪ್ ಹುಕ್ ಕೆಲಸ ಮಾಡುತ್ತಿದೆ, ಟೇಬಲ್‌ಗಳೆಲ್ಲ ಬಂದವು. ಅಪ್‌ಲೋಡ್ ವಾಲ್ಯೂಮನ್ನು ಲೋಕಲ್‌ಗೆ ಬದಲಿಸಿದ ಮೇಲೆ ಅದರ ಬ್ಯಾಕಪ್ ನಡುವೆ ನೋಡ್-ಏಜೆಂಟ್ ಪಾಡ್ 137 ಕೋಡ್‌ನೊಂದಿಗೆ ಸಾಯುತ್ತಿದೆ. ಶೆಡ್ಯೂಲ್ ರಾತ್ರಿ 2ಕ್ಕೆ ಇಟ್ಟರೆ ಬೆಳಿಗ್ಗೆ 7:30ಕ್ಕೆ ಓಡುತ್ತಿದೆ.

ಉತ್ತರ 3

137 ಎಂದರೆ ಬಹುತೇಕ ಮೆಮೊರಿ ಮಿತಿ ಮೀರಿದ್ದು. ಪಾಡ್ ಡಿಸ್ಕ್ರೈಬ್‌ನಲ್ಲಿ 'ಓಓಎಂಕಿಲ್ಡ್' ಕಂಡರೆ ನೋಡ್-ಏಜೆಂಟ್ ಡೇಮನ್‌ಸೆಟ್‌ನ ಮೆಮೊರಿ ಲಿಮಿಟ್ ಏರಿಸಿ. ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಇದ್ದಷ್ಟೂ ಕೋಪಿಯಾ ಮೆಮೊರಿ ಹೆಚ್ಚು ಕೇಳುತ್ತದೆ; ಒಟ್ಟು ಗಾತ್ರ ನೋಡಿ ಲೆಕ್ಕ ಹಾಕಬೇಡಿ. ಮೊದಲ ಸಲದ ಬ್ಯಾಕಪ್ ಪೂರ್ತಿ ಹೋಗುವುದರಿಂದ ತಡವಾಗುತ್ತದೆ, ಫೈಲ್ ಸಿಸ್ಟಮ್ ಬ್ಯಾಕಪ್‌ನ ಡೀಫಾಲ್ಟ್ ಟೈಮ್‌ಔಟ್ 4 ಗಂಟೆ ಎಂಬುದು ನೆನಪಿರಲಿ.

ಶೆಡ್ಯೂಲ್ ಯುಟಿಸಿಯಲ್ಲಿ ಓಡುತ್ತಿದೆ. ನಮ್ಮ ರಾತ್ರಿ 2 ಗಂಟೆ ಎಂದರೆ ಹಿಂದಿನ ದಿನದ 20:30 ಯುಟಿಸಿ. ಕ್ರಾನ್ ಸಾಲು '30 20 * * *' ಎಂದಿರಲಿ.

ನನಗೆ ಇದಕ್ಕಿಂತ ಹೆಚ್ಚು ಚಿಂತೆ ಹಚ್ಚುತ್ತಿರುವುದು ಮಿನಿಯೋ ಅದೇ ಕ್ಲಸ್ಟರ್‌ನಲ್ಲಿರುವುದು. ಕ್ಲಸ್ಟರ್ ಹೋದ ದಿನ ಬ್ಯಾಕಪ್ಪೂ ಜೊತೆಗೇ ಹೋಗುತ್ತದೆ. ಬೇರೆ ಯಂತ್ರಕ್ಕೆ, ಸಾಧ್ಯವಾದರೆ ಬೇರೆ ಕಟ್ಟಡಕ್ಕೆ ಸರಿಸಿ. ಸರಿಸಿದ ಮೇಲೆ ಆ ಬಕೆಟ್‌ಗೆ 'ಇಷ್ಟು ದಿನಕ್ಕೆ ಅಳಿಸು' ಎಂಬ ಲೈಫ್‌ಸೈಕಲ್ ನಿಯಮ ಹಾಕಬೇಡಿ. ಇವತ್ತಿನ ಬ್ಯಾಕಪ್ ಎರಡು ತಿಂಗಳ ಹಿಂದಿನ ತುಂಡನ್ನೂ ನೆಚ್ಚಿಕೊಂಡಿರಬಹುದು. ಅದನ್ನು ಬಕೆಟ್ ಅಳಿಸಿದರೆ ಹೊಸ ಬ್ಯಾಕಪ್‌ಗಳೂ ಮುರಿಯುತ್ತವೆ. ಅವಧಿಯನ್ನು ವೆಲೆರೊದ ಟಿಟಿಎಲ್‌ಗೇ (ಬ್ಯಾಕಪ್ ಉಳಿಸುವ ಅವಧಿಯ ಸೆಟ್ಟಿಂಗ್) ಬಿಡಿ, ಡೀಫಾಲ್ಟ್ 720 ಗಂಟೆ, ಅಂದರೆ 30 ದಿನ.

ಕ್ಲಸ್ಟರ್ ಹೊರಗೆ ಕಾಪಿಡಬೇಕಾದವು ಇನ್ನೂ ಇವೆ. ವೆಲೆರೊ ನೇಮ್‌ಸ್ಪೇಸ್‌ನ 'ವೆಲೆರೊ-ರೆಪೊ-ಕ್ರೆಡೆನ್ಶಿಯಲ್ಸ್' ಸೀಕ್ರೆಟ್‌ನಲ್ಲಿ ಕೋಪಿಯಾ ರೆಪೊಸಿಟರಿಯ ಪಾಸ್‌ವರ್ಡ್ ಇದೆ. ನೀವು ಏನೂ ಕೊಡದಿದ್ದರೆ ಎಲ್ಲರಿಗೂ ಒಂದೇ ಆದ ಡೀಫಾಲ್ಟ್ ಪಾಸ್‌ವರ್ಡ್ ಇರುತ್ತದೆ. ಅದನ್ನು ಮೊದಲ ಬ್ಯಾಕಪ್‌ಗೆ ಮುಂಚೆಯೇ ಬದಲಿಸಬೇಕು, ಆಮೇಲೆ ಬದಲಿಸಿದರೆ ಹಳೆಯ ರೆಪೊಸಿಟರಿ ತೆರೆಯುವುದಿಲ್ಲ. ಮಿನಿಯೋ ಸರಿಸುವಾಗ ಹೊಸ ಬಕೆಟ್‌ನಿಂದ ಶುರು ಮಾಡುವುದಾದರೆ ಅದೇ ಒಳ್ಳೆಯ ಸಮಯ. ಕೆ3ಎಸ್‌ನ ಸರ್ವರ್ ಟೋಕನನ್ನೂ ಬರೆದಿಟ್ಟುಕೊಳ್ಳಿ. ಎಂಬೆಡೆಡ್ ಎಟ್‌ಸಿಡಿ (ಕ್ಲಸ್ಟರ್ ಸ್ಥಿತಿ ಇಡುವ ಡೇಟಾಬೇಸ್) ಇದ್ದರೆ ಕೆ3ಎಸ್ 12 ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ ತೆಗೆದು 5 ಉಳಿಸಿಕೊಳ್ಳುತ್ತದೆ, ಆದರೆ ಟೋಕನ್ ಇಲ್ಲದೆ ಆ ಸ್ನ್ಯಾಪ್‌ಶಾಟ್ ಹೊಸ ಯಂತ್ರದಲ್ಲಿ ಏಳುವುದಿಲ್ಲ.

ಕೊನೆಗೆ, ಟೆಸ್ಟ್ ನೇಮ್‌ಸ್ಪೇಸ್‌ಗೆ ರಿಸ್ಟೋರ್ ಮಾಡುವಾಗ ಕ್ರಾನ್‌ಜಾಬ್ ಮತ್ತು ಇಂಗ್ರೆಸ್ ಎರಡನ್ನೂ ಹೊರಗಿಡಿ. ಸೀಕ್ರೆಟ್‌ಗಳೂ ನಿಜವಾದವೇ ಬಂದಿರುತ್ತವೆ. ಕ್ರಾನ್‌ಜಾಬ್ ಎದ್ದರೆ ಗ್ರಾಹಕರಿಗೆ ಎರಡೆರಡು ಬಿಲ್ ಮೇಲ್ ಹೋಗುತ್ತದೆ. ಮತ್ತೆ ಮತ್ತೆ ಅದೇ ಟೆಸ್ಟ್ ನೇಮ್‌ಸ್ಪೇಸ್‌ಗೆ ರಿಸ್ಟೋರ್ ಕೊಡುವ ಮುನ್ನ ಅದನ್ನು ಪೂರ್ತಿ ಅಳಿಸಿ. ಪಿವಿಸಿ ಮೊದಲೇ ಇದ್ದರೆ ವೆಲೆರೊ ಅದನ್ನು ಮುಟ್ಟದೆ ಬಿಡುತ್ತದೆ, ನೀವು ನೋಡುತ್ತಿರುವುದು ಹಿಂದಿನ ಸಲದ ಡೇಟಾ ಆಗಿರುತ್ತದೆ.

ಕೇಳಿದವರು

ಓಓಎಂಕಿಲ್ಡ್ ಎಂದೇ ಇತ್ತು. ಲಿಮಿಟ್ 2 ಜಿಬಿಗೆ ಏರಿಸಿದ ಮೇಲೆ ಅಪ್‌ಲೋಡ್ ವಾಲ್ಯೂಮ್ ಪೂರ್ತಿ ಹೋಯಿತು, ಈಗ ಪಾಡ್ ವಾಲ್ಯೂಮ್ ಪಟ್ಟಿಯಲ್ಲಿ 'ಡಂಪ್', 'ಅಪ್‌ಲೋಡ್' ಎರಡೂ ಕಾಣುತ್ತಿವೆ. ಮಿನಿಯೋಗೆ ಬೇರೆ ಯಂತ್ರ ಸಿದ್ಧವಾಗುತ್ತಿದೆ, ಪಾಸ್‌ವರ್ಡ್ ಬದಲಿಸಿ ಹೊಸ ಬಕೆಟ್‌ನಿಂದಲೇ ಶುರು ಮಾಡುತ್ತೇನೆ. ಮೂವರಿಗೂ ಧನ್ಯವಾದ.