ಮಗ ರಾಕ್ ಹಾಡ್ತೀನಿ ಅಂತಾನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ (ಹುಬ್ಬಳ್ಳಿ): ಮಗ ಪಿಯುಸಿ ಎರಡನೇ ವರ್ಷ. ಸದಾ ಗಿಟಾರ್, ರಾಕ್ ಹಾಡುಗಾರ ಆಗ್ತೀನಿ ಅಂತಾನೆ. ನಮ್ಮದು ನೌಕರಿ ಮನೆತನ, ಸಂಗೀತದ ಗಂಧಗಾಳಿ ಇಲ್ಲ. ತಾಯಿಯಾಗಿ ನನಗೆ ಹೆದರಿಕೆ. ಏನು ಮಾಡಲಿ?

ಉತ್ತರ (ಧಾರವಾಡ): ಅಕ್ಕಾರೆ, ನನ್ನ ಮಗಳು ಹೀಗೇ ಹಟ ಹಿಡಿದಾಗ ನಾನು ಇಂಗ್ಲೆಂಡಿನ ಕ್ವೀನ್ ಅನ್ನೋ ರಾಕ್ ಬ್ಯಾಂಡಿನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಬೆಳೆದ ಮನೆ ಎಂಥದ್ದು ಅಂತ ಹುಡುಕಿ ಓದಿದೆ. ಅದೂ ನೌಕರಿ ಮನೆಯೇ. 1946ರಲ್ಲಿ ಆಫ್ರಿಕದ ಪೂರ್ವ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ ಹುಟ್ಟಿದ ಪಾರ್ಸಿ ಹುಡುಗ, ಮನೆತನದ ಹೆಸರು ಬುಲ್ಸಾರಾ, ಮೂಲ ಗುಜರಾತಿನ ವಲ್ಸಾಡ್ ಕಡೆ. ಅಪ್ಪ ಬ್ರಿಟಿಷ್ ಸರ್ಕಾರದಲ್ಲಿ ಕ್ಯಾಷಿಯರ್. ಎಂಟರ ವಯಸ್ಸಿಗೇ ಮಗನನ್ನು ಸಮುದ್ರ ದಾಟಿಸಿ ಪಂಚಗಣಿಯ ಬೋರ್ಡಿಂಗ್ ಶಾಲೆಗೆ ಕಳಿಸಿದರು. ನಾವು ಪುಣೆಗೆ ಹೋಗುವಾಗ ಸಾತಾರಾ ದಾಟಿದ ಮೇಲೆ ವಾಯಿ ಕಡೆ ತಿರುಗಿದರೆ ಸಿಗುತ್ತಲ್ಲ, ಅದೇ ಪಂಚಗಣಿ. ಹುಡುಗನಿಗೆ ಸಂಗೀತ ಹತ್ತುತ್ತದೆ, ಸ್ವಲ್ಪ ಜಾಸ್ತಿ ಫೀ ಕೊಟ್ಟರೆ ಪಿಯಾನೊ ಕಲಿಸ್ತೀವಿ ಅಂತ ಅಲ್ಲಿನ ಹೆಡ್‌ಮಾಸ್ತರು ಮನೆಗೆ ಪತ್ರ ಬರೆದರು, ಅಪ್ಪ ಅಮ್ಮ ಒಪ್ಪಿದರು. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನಿಸಿದ್ದು ಇದೇ. ಹನ್ನೆರಡಕ್ಕೆ ಗೆಳೆಯರ ಜೊತೆ ಬ್ಯಾಂಡ್ ಕಟ್ಟಿದ, ಅದರಲ್ಲಿ ಮುಖ್ಯ ಹಾಡುಗಾರ ಬೇರೆಯವನು, ಇವನದು ಪಿಯಾನೊ. ನಾವೂ ಮಗಳನ್ನು ಒಬ್ಬ ಕೀಬೋರ್ಡ್ ಮಾಸ್ತರ ಹತ್ತಿರ ಹಾಕಿದೆವು. ಮನೆಯಲ್ಲಿ ಜಗಳ ನಿಂತಿತು, ಓದೂ ಸಾಗಿದೆ.

ಉತ್ತರ (ಗದಗ): ಮುಂದಿನದನ್ನು ನಾನು ಹೇಳ್ತೀನಿ. 1964ರ ಕ್ರಾಂತಿಯಲ್ಲಿ ಆ ಕುಟುಂಬ ಜಾಂಜಿಬಾರ್ ಬಿಟ್ಟು ಲಂಡನ್ ಹತ್ತಿರದ ಫೆಲ್ಟಮ್‌ಗೆ ಬಂತು. ಫ್ರೆಡ್ಡಿ ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತುವ ಕೆಲಸವನ್ನೂ ಮಾಡಿದ, ಆದರೆ ಓದು ಬಿಡಲಿಲ್ಲ. ಈಲಿಂಗ್ ಕಲಾಶಾಲೆಯಲ್ಲಿ ಗ್ರಾಫಿಕ್ ಡಿಸೈನ್ ಮುಗಿಸಿದ್ದು 1969ರಲ್ಲಿ, ಕ್ವೀನ್ ಶುರುವಾಗಿದ್ದು ಮರುವರ್ಷ. ಬ್ಯಾಂಡಿನ ಲಾಂಛನ ಬರೆದವನೂ ಅವನೇ, ಆ ಓದು ಅಲ್ಲಿ ಕೆಲಸಕ್ಕೆ ಬಂತು. ಅದಕ್ಕೇ ನಿಮ್ಮ ಮಗನೂ ಪಿಯುಸಿ ಮುಗಿಸಲೇಬೇಕು, ಇದರಲ್ಲಿ ನೀವು ಸಡಿಲ ಬಿಡಬೇಡಿ. ಹಾಗಂತ ಗಿಟಾರ್ ಕಸಿದುಕೊಳ್ಳಲೂಬೇಡಿ. ನಮ್ಮ ರೋಣದ ಭೀಮಸೇನ ಜೋಶಿಯವರು 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದಾಗ ಹನ್ನೊಂದು ವರ್ಷ, ಅಪ್ಪ ಶಾಲಾ ಮಾಸ್ತರು. ಅಂಥ ಹಸಿವು ಮಕ್ಕಳಲ್ಲಿ ಇದ್ದರೆ ತಡೆದು ನಿಲ್ಲದು ಅಕ್ಕಾ. ಈಗಲೇ ಹಿಂದೂಸ್ತಾನಿ ಕಲಿಸುವ ಒಬ್ಬರ ಹತ್ತಿರ ಕಳಿಸಿ, ನಿಮ್ಮ ಅವಳಿ ಊರಲ್ಲಿ ಅವರಿಗೇನು ಬರ. ಸುಮ್ನೆ ಕಿರುಚಿ ಹಾಡಿದರೆ ಗಂಟಲು ಬೇಗ ಕೆಡುತ್ತದೆ, ರಾಕ್‌ಗೂ ಮೊದಲು ಉಸಿರು, ಸ್ವರ ನಿಲ್ಲಬೇಕು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಶರಣು. ಪರೀಕ್ಷೆವರೆಗೆ ಸಂಜೆ ಒಂದು ತಾಸು ಗಿಟಾರ್ ಅಂತ ಅವನ ಜೊತೆ ಮಾತಾಡ್ತೀನಿ. ವಿದ್ಯಾನಗರ ಕಡೆ ಗಾಯನ ಕಲಿಸುವವರು ಗೊತ್ತಿದ್ದರೆ ತಿಳಿಸಿ.